ನಿಂತು ಸತ್ತದ್ದು

ಗೋಣಿಕೊಪ್ಪದಲ್ಲಿ ಮೊಯ್ದುವಿನ ಟಯರ್ ಅಂಗಡಿ ಮುಂದೆ
ಟ್ರೈಲರ್ ನಿಲ್ಲಿಸಿದೆ. ಬೆನ್ನ ಮೇಲೆ ಮೆಣಸು ಬಿಡಿಸುವ ಯಂತ್ರ,
ಟಾರ್ಪಾಲಿನಡಿ ಹೋದ ವರ್ಷದ ಘಾಟು.

"ಬಟನ್ ಇನ್ನೂ ಹೊಸದರ ಹಾಗಿದೆ, ನೋಡಿ" ಅಂದೆ.
ಅವನು ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು
ಹೆಬ್ಬೆರಳಲ್ಲಿ ಕೆಸರು ಒರೆಸಿ ನಾಲ್ಕು ಅಂಕಿ ಓದಿದ:
ಹದಿನೇಳನೇ ವಾರ, ಹದಿನಾಲ್ಕನೇ ಇಸವಿ.
ಪಕ್ಕೆಯನ್ನು ಒತ್ತಿದ. ಬಿರುಕು ಬಾಯಿಬಿಟ್ಟಿತು
ಮಾಗಿಯ ಹಿಮ್ಮಡಿಯಂತೆ.

"ಇದು ಓಡಿ ಸತ್ತದ್ದಲ್ಲ ಅಕ್ಕ, ನಿಂತು ಸತ್ತದ್ದು."

ಮೂರು ತಿಂಗಳು ತೋಟದಿಂದ ತೋಟಕ್ಕೆ;
ಉಳಿದ ಒಂಬತ್ತು, ಸೌದೆ ಕೊಟ್ಟಿಗೆಯ ಹಿಂದೆ
ಅದೇ ಮಗ್ಗುಲು, ಅದೇ ಭಾರ.

ಕಾರಿನದು ಅಗ್ಗ ಅಂದೆ. ನಕ್ಕ.
"ಕಾರು ತಾನೇ ತಿರುಗ್ತದೆ. ಇದು ತಿರುವಿನಲ್ಲಿ
ಉಜ್ಜಿಸಿಕೊಂಡು ಹಿಂದೆ ಬರಬೇಕು.
ಹತ್ತು ಪ್ಲೈ ಇಲ್ಲದೆ ಆಗುವುದಿಲ್ಲ."

ಡಿಸ್ಕುಗಳನ್ನು ಬಿಚ್ಚಿ, ತೂಗುಹಾಕಿ,
ಸ್ಪ್ಯಾನರಿನಿಂದ ತಟ್ಟಿದ, ಹಲಸು ತಟ್ಟುವ ಹಾಗೆ.
ಎಡದ್ದು ಗಂಟೆಯಂತೆ ನುಡಿಯಿತು.
ಬಲದ್ದು ಕೆಮ್ಮಿತು.
ಎರಡು ಟಯರು, ಒಂದು ಡಿಸ್ಕು.
ಹನ್ನೊಂದು ಸಾವಿರದ ಇನ್ನೂರು;
ಇನ್ನೂರು ಬಿಡಿಸಲು ಅರ್ಧ ಗಂಟೆ.

ಹೊರಡುವಾಗ ಅಂದ:
"ತಿಂಗಳಿಗೊಮ್ಮೆ ಅರ್ಧ ಸುತ್ತಾದರೂ ಉರುಳಿಸಿ."

ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ಪಾಯಸ ಉಂಡು
ಎಲ್ಲರೂ ಮಲಗಿದ ಮೇಲೆ ನೆನಪಾಯಿತು.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಹಾರೆ ಕೊಟ್ಟು ಮೀಟಿದೆ.
ಗೇಣಷ್ಟು. ಇನ್ನೊಂದು ಗೇಣು.

"ಯಾರದು ಅಲ್ಲಿ?" ಕಿಟಕಿಯಿಂದ ಪೂಣಚ್ಚ.

ಬಾಯಲ್ಲಿ ಟಾರ್ಚ್. ಉತ್ತರಿಸಲಾಗಲಿಲ್ಲ.
ಅಂಕಿಗಳು ಮೇಲಿದ್ದವು,
ಈಗ ನೆಲದ ಕಡೆ ಹೊರಳಿದವು.