ಹದಿನಾಲ್ಕು ಎ, ಕಿಟಕಿ ಪಕ್ಕ

ಮಡಗಾಂವದ ಗುಜರಿಯವ ತೂಕಕ್ಕೆ ಕೊಟ್ಟ,
ಕಿಲೋಗೆ ನೂರಾ ಎಂಬತ್ತು.
ವಿಮಾನದ ಸೀಟಿನ ಬಟ್ಟೆ ಬಾಯೀ, ನಿಮ್ಮಜ್ಜಿಯ ಕಾಲದ್ದು,
ಹರಿಯುವುದಿಲ್ಲ, ಹೊತ್ತುವುದಿಲ್ಲ
ಅಂದು ಕಡ್ಡಿ ಗೀರಿ ತೋರಿಸಿದ.
ಹೊಗೆ ಕೂಡ ನಾಚಿಕೊಂಡು ಬಂತು.

ಕಾರವಾರದ ಗಾಡಿಯಲ್ಲಿ ಎರಡು ಗಂಟು.
ಒಂದರ ಮೇಲೆ ನಾನು,
ಇನ್ನೊಂದರ ಮೇಲೆ ಕಾಣಕೋಣದಲ್ಲಿ ಹತ್ತಿದ ಯಾರದೋ ಮಗು.
ಕಾಳಿಯ ಸೇತುವೆ ಬಂದಾಗ ಅದು ಕೆಳಗೆ ನೋಡಿ
ಹಾರ್ತಿದ್ದೇವೆ ಅಂದಿತು.
ಗಂಟಿನೊಳಗೇನಿದೆ ಎಂದು ನಾನು ಹೇಳಿರಲಿಲ್ಲ.

ಬಣ್ಣ, ಮಳೆಗಾಲ ಕಳೆದ ಮೇಲಿನ ಕಡಲಿನದು,
ಅಂದರೆ ನೀಲಿಯೂ ಅಲ್ಲ ಹಸಿರೂ ಅಲ್ಲ.
ನಡುವೆ ಒಂದು ಪಟ್ಟೆ
ಸಾರಿಗೆ ಬಿದ್ದ ಕುರ್ಲಿಯ ಕಿತ್ತಳೆ.
ಅಂಟುವಾಳದ ನೀರಲ್ಲಿ ಮೂರು ಸಲ ನೆನೆಸಿದೆ.
ಮೊದಲ ನೀರಿಗೆ ಸಿಗರೇಟು ಬಿಟ್ಟಿತು,
ಎರಡನೆಯದಕ್ಕೆ ಕಾಫಿ,
ಮೂರನೆಯದಕ್ಕೆ ಯಾರದೋ ತಲೆಯ ಎಣ್ಣೆ,
ಕೊಬ್ಬರಿಯದೇ, ಮೂಗು ಸುಳ್ಳು ಹೇಳದು.
ಅಷ್ಟು ಮೇಲೆ ಹೋದವರೂ
ಎಣ್ಣೆ ಹಚ್ಚಿ ಬಾಚಿಕೊಂಡೇ ಹೋಗಿದ್ದರು.

ಹದಿನಾರನೇ ನಂಬರಿನ ಸೂಜಿ ಮುರಿಯಿತು. ಹದಿನೆಂಟರದ್ದೂ.
ಬಸ್‌ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಯುವ ಭಿಕಾಜಿ
ತನ್ನದೊಂದು ಕೊಟ್ಟ, ವಾಪಸು ಬೇಕು ಅಂದ.
ಮಷೀನು ಅಜ್ಜನದು, ದೋಣಿಗೆ ಹಾಯಿ ಹೊಲಿದದ್ದು;
ಗಾಳಿಯ ಬಟ್ಟೆ ಅದಕ್ಕೆ ಹೊಸದಲ್ಲ.

ನೀನು ಒಮ್ಮೆಯಾದರೂ ಹತ್ತಿದ್ದೀಯಾ, ಕೇಳುತ್ತಾಳೆ
ಕಾಜಾ ಮಾಡಲು ಬರುವ ಹುಡುಗಿ ಶೆವಂತಿ.
ಇಲ್ಲ ಮಾರಾಯ್ತಿ.
ಆದರೆ ನೆಲ ಬಿಟ್ಟು ಏಳುವುದೇನೆಂದು ಗೊತ್ತು.
ಅರಗಾದ ಮನೆಯಿಂದ ನಮ್ಮನ್ನೆಬ್ಬಿಸಿದ
ನೌಕಾನೆಲೆಯ ಕಾಗದದ ಮೇಲೆ
ಒಂದು ಹಕ್ಕಿಯ ಹೆಸರಿತ್ತು.
ಲಾರಿಯಲ್ಲಿ ಅಜ್ಜ ಈ ಮಷೀನನ್ನು ಅಪ್ಪಿ ಕೂತಿದ್ದ
ಬೆಲ್ಟು ಕಟ್ಟಿಕೊಂಡವರ ಹಾಗೆ.
ಕಿಟಕಿ ಇರಲಿಲ್ಲ.

ಸೀಟಿನ ಬೆನ್ನಿಗಿದ್ದ ಜೇಬು ಬ್ಯಾಗಿನ ಹೊಟ್ಟೆಗೆ ಬಂತು.
ಬೆಲ್ಟೇ ಹಿಡಿಕೆ, ಬಕಲಿಗೆ ಅದೇ ಹಳೆಯ ಕ್ಲಿಕ್.
ಸಿಗರೇಟು ಸುಟ್ಟ ತೂತಿಗೆ ನಾನೇನೂ ಮಾಡಲಿಲ್ಲ,
ಸುತ್ತ ಒಂದು ಸುತ್ತು ದಾರ, ಅಷ್ಟೇ.
ಸಿವಿಲ್ ಆಸ್ಪತ್ರೆಯ ನರ್ಸು ಫಿಲೋಮೆನಾ
ಆ ತೂತಿದ್ದದ್ದನ್ನೇ ಆರಿಸಿಕೊಂಡಳು,
ಟಿಫಿನ್ನು, ಕೊಡೆ, ಜಪಮಾಲೆ, ನಿದ್ದೆ ಬಾರದ ರಾತ್ರಿಗೆ ಸುಡೋಕು.

ಬೈತಖೋಲದ ಮಾದೇವಿ ಹರಿಕಂತ್ರಗೆ
ನೋಟಿಗೆ ಮಂಜುಗಡ್ಡೆಯ ನೀರು ತಾಗದ ಚೀಲ ಬೇಕಿತ್ತು.
ಒಂದರ ಅಂಚಿಗೆ ಕೆಂಪಕ್ಷರದ ಪಟ್ಟಿ ನೋಡಿ
ಇಂಗ್ಲಿಷಾ, ಏನಂತೆ, ಅಂದಳು.
ತೇಲುವ ಅಂಗಿ ನಿಮ್ಮ ಸೀಟಿನ ಕೆಳಗಿದೆ.
ಬ್ಯಾಗು ಮಗುಚಿ ಕೆಳಗೆ ನೋಡಿದಳು.
ನಕ್ಕಳು. ಆಮೇಲೆ ನಗಲಿಲ್ಲ.
ಮಗ ಟ್ರಾಲಿನಲ್ಲಿ, ಹೋಗಿ ಆರನೇ ದಿನ.

ಬಟ್ಟೆ ಉಳಿದರೆ ಅವನಿಗೊಂದು ಅಂಗಿ ಹೊಲಿತೀಯಾ?
ಇದು ತೇಲುವುದಿಲ್ಲ ಮಾದೇವಿ.
ಸುಡುವುದಿಲ್ಲ ಅಂದ್ಯಲ್ಲ?
ಸುಡುವುದಿಲ್ಲ. ತೇಲುವುದಿಲ್ಲ.

ಹೊರಗೆ ಮೀನಿನ ಟೆಂಪೋ ಹಾರ್ನು ಹೊಡೆಯಿತು.
ಆ ಪಟ್ಟಿ ಬಿಚ್ಚು, ಅಂದಳು,
ಒಳಗೆ ಹೊಲಿ, ದುಡ್ಡಿಡುವಲ್ಲಿ, ಕೈಗೆ ಸಿಗೋ ಹಾಗೆ.
ಹೊಲಿದೆ.
ಐವತ್ತು ರೂಪಾಯಿ ಚೌಕಾಸಿ ಮಾಡಿ ಕಡಿಮೆ ಕೊಟ್ಟು
ಟೆಂಪೋದಲ್ಲಿ ಬುಟ್ಟಿಗಳ ನಡುವೆ ಕೂತು
ಬ್ಯಾಗು ತೊಡೆಯ ಮೇಲಿಟ್ಟು
ಎರಡು ಸಲ ಕ್ಲಿಕ್ ಮಾಡಿ ನೋಡಿದಳು.

ಹದಿನಾಲ್ಕು ಎ ಎಂಬ ಬಿಲ್ಲೆ ಇದ್ದ ತುಂಡು
ಕತ್ತರಿಸಲು ಮನಸಾಗಲಿಲ್ಲ.
ಎರಡನೇ ಗಂಟಿನ ಮೇಲೆ ಹಾಸಿದ್ದೇನೆ.
ಮಧ್ಯಾಹ್ನ ಬಂದರಿನ ಬೆಕ್ಕು ಬಂದು
ಅದರ ಮೇಲೆ ಮಲಗುತ್ತದೆ,
ಕಿಟಕಿ ಪಕ್ಕ.