ತಾನಾಗಿ ಸಿಹಿಯಾಗುವುದು

ಕ್ರಿಸ್ಮಸ್ಸಿಗೆ ನಮ್ಮಲ್ಲಿ ಮೂರು ಪೆಟ್ಟಿಗೆ.
ಪೆಟ್ಟಿಗೆ ಅಂತಲೇ ಅನ್ನುತ್ತೇವೆ ನಾವು, ಲಾತಿಕ್ಕೊ.
ಕಾಲುಚೀಲ ಇಡುವುದಕ್ಕೂ ಅದೇ ಮಾತು,
ಗೆಡ್ಡೆ ಮಸೆದು ಬೆಣ್ಣೆ ಬೆರೆಸಿ
ಓವನ್ನಿನಲ್ಲಿ ಮೈ ಕಂದಾಗುವ ತನಕ ಬೇಯಿಸಿದ್ದಕ್ಕೂ ಅದೇ.
ಒಂದು ಕ್ಯಾರೆಟ್ಟಿನದು, ಒಂದು ಹಳದಿ ಟರ್ನಿಪ್ಪಿನದು.
ಇವೆರಡು ಯಾರು ಮಾಡಿದರೂ ಆಗುತ್ತವೆ.
ಮೂರನೆಯದು ಅಮ್ಮನದು.

ಆಲೂಗಡ್ಡೆ ಬೇಯಿಸಿ, ನುಣ್ಣಗೆ ಮಸೆದು,
ಹಿಡಿ ಗೋಧಿಹಿಟ್ಟು ಉದುರಿಸಿ
ಬೆಚ್ಚಗೆ ಮುಚ್ಚಿಟ್ಟು ಮಲಗಿಬಿಡಬೇಕು, ಅಷ್ಟೆ.
ಬೆಳಗಾಗುವುದರೊಳಗೆ ತಾನಾಗಿ ಸಿಹಿಯಾಗಿರುತ್ತದೆ.
ಬಿಸಿ ಹೆಚ್ಚಾದರೆ ಸಿಹಿ ಸಾಯುತ್ತದೆ,
ಕಮ್ಮಿಯಾದರೆ ಹುಳಿ ಹತ್ತುತ್ತದೆ.
'ಸಕ್ಕರೆ ಸುರಿಯುವವರು ಹೆಲ್ಸಿಂಕಿಯವರು'
ಎನ್ನುತ್ತಿದ್ದಳು ಅಮ್ಮ, ಇಂಪಿ ಅವಳ ಹೆಸರು,
ಪಾದಸ್‌ಯೊಕಿಯ ಹೆಂಗಸರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಈಗ ಎಂಬತ್ತೆಂಟು. ಕೈ ನಡುಗುತ್ತದೆ.
ಮರದ ಸೌಟು ನನ್ನ ಕೈಗಿತ್ತು
ರೇಡಿಯೋ ಪಕ್ಕ ಹೋಗಿ ಕೂತಳು.
'ವುಒಕ್ಕೊ, ಅವಸರ ಮಾಡಬೇಡ' ಅಂದಳು.
ಅಷ್ಟೇ ಅಂದಳು.

ರಾತ್ರಿ ಮೂರು ಸಲ ಎದ್ದೆ.
ಪಾತ್ರೆಗೆ ಉಣ್ಣೆಯ ಶಾಲು ಸುತ್ತಿದೆ, ಬಿಚ್ಚಿದೆ,
ಜ್ವರದ ಮಗುವಿಗೆ ಇಟ್ಟ ಹಾಗೆ
ಥರ್ಮಾಮೀಟರ್ ಇಟ್ಟು ನೋಡಿದೆ.
ಹೊರಗೆ ಹಿಮ, ಒಂದೂ ಸದ್ದಿಲ್ಲ.
ಬೆಳಿಗ್ಗೆ ಆರಕ್ಕೆ ಚಮಚ ಅದ್ದಿ ಬಾಯಿಗಿಟ್ಟರೆ
ಅಂಟು.
ಗೋಡೆಗೆ ಕಾಗದ ಹಚ್ಚಬಹುದಾದಂಥ ಅಪ್ಪಟ ಅಂಟು.

ಜಾಯಿಕಾಯಾದರೂ ತುರಿದು ಹಾಕೋಣವೆಂದು
ಸ್ಟೂಲು ಹತ್ತಿ ಮೇಲಿನ ಬೀರು ತೆಗೆದೆ.
ಒಣ ರೊಟ್ಟಿಯ ಡಬ್ಬದ ಹಿಂದೆ, ಹಿಟ್ಟಿನ ಡಬ್ಬದ ಹಿಂದೆ,
ಕಪ್ಪು ಸಿರಪ್ಪಿನ ಬಾಟಲಿ.
ಅರ್ಧ ಖಾಲಿ.
ಮುಚ್ಚಳ ಬಿಗಿದಿರಲಿಲ್ಲ, ತಟ್ಟನೆ ತಿರುಗಿತು.
ಕೆಳಗೆ ಹಾಸಿದ ಕಾಗದದ ಮೇಲೆ
ಅಂಟಂಟು ಉಂಗುರಗಳು, ಒಂದರ ಮೇಲೊಂದು,
ಮರ ಕೊಯ್ದಾಗ ಕಾಣುವ ವರ್ಷಗಳ ಹಾಗೆ.

ಸ್ಟೂಲಿನ ಮೇಲೆ ನಿಂತೇ ನಕ್ಕೆ.
ಆಮೇಲೆ ಸಿಟ್ಟು ಬಂತು.
ನಾನು ಮದುವೆಯಾದ ವರ್ಷ ಮಾಡಿ ತಂದದ್ದನ್ನು
'ಅಂಗಡಿಯ ಸಿಹಿಯ ವಾಸನೆ' ಎಂದು
ತುದಿನಾಲಿಗೆಗೂ ಇಡದೆ ತಟ್ಟೆ ಸರಿಸಿದವಳು
ಇವಳೇ ತಾನೆ?
ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದಳು.
ಮೂರು ಚಮಚ ಹಾಕಿದೆ.
ಇಲ್ಲ, ನಾಲ್ಕು.
ಹಾಲು, ಬೆಣ್ಣೆ, ಉಪ್ಪು. ಓವನ್ನಿಗೆ ಇಟ್ಟೆ.

ಮಧ್ಯಾಹ್ನ ಗೋರಿಗಳಿಗೆ ಮೋಂಬತ್ತಿ ಹಚ್ಚಿ ಬಂದೆವು,
ಅಪ್ಪನದು ಗಾಳಿಗೆ ಎರಡು ಸಲ ಆರಿತು.
ಸೌನಾ ಆಯಿತು. ಕೆಂಪು ಮುಖ, ಒದ್ದೆ ಕೂದಲು,
ಎಲ್ಲರೂ ಮೇಜಿನ ಸುತ್ತ.
ಅಣ್ಣ ತೌನೊ ಹಂದಿತೊಡೆ ಕೊಯ್ಯುತ್ತ
ತಾಂಪೆರೆಯಿಂದ ಬಂದ ಹೊಸ ಅಳಿಯನಿಗೆ
ಪಾಠ ಶುರುಮಾಡಿದ:
'ಒಂದು ಹರಳು ಸಕ್ಕರೆಯಿಲ್ಲ ಇದರಲ್ಲಿ, ಗೊತ್ತೇನು?
ಬರೀ ತಾಳ್ಮೆ. ನಮ್ಮ ಮನೆತನದ ಗುಟ್ಟು.'
ಅಳಿಯ ತಲೆಯಾಡಿಸಿ ತಾಳ್ಮೆಯನ್ನು
ಮೂರು ಸಲ ಬಡಿಸಿಕೊಂಡ.
ಕಳ್ಳನ ಮನಸ್ಸು ಹುಳ್ಳಹುಳ್ಳಗೆ;
ನಾನು ಟರ್ನಿಪ್ಪನ್ನೇ ನೋಡುತ್ತ ಕೂತೆ,
ಅದನ್ನು ಯಾರೂ ಕೇಳುತ್ತಿರಲಿಲ್ಲ, ಪಾಪ.

ಅಮ್ಮ ನಿಧಾನ ತಿಂದಳು.
ಮೇಲಿನ ಕಂದು ಪದರ ಮೊದಲು, ಒಳಗಿನದು ಆಮೇಲೆ.
ನನ್ನ ಕಡೆ ನೋಡಲಿಲ್ಲ.
'ಚೆನ್ನಾಗಿದೆ' ಅಂದಳು.
'ಇನ್ನೊಂದು ಚಮಚ ಬೇಕಿತ್ತು.'
ತೌನೊ ತಕ್ಷಣ ಪಾತ್ರೆ ಎಳೆದುಕೊಂಡು
ಅವಳ ತಟ್ಟೆಗೆ ಇನ್ನೊಂದು ಚಮಚ ಬಡಿಸಿದ.

ಮಕ್ಕಳು ಉಡುಗೊರೆಗಳ ಮೇಲೆ ಮುಗಿಬಿದ್ದಿದ್ದರು.
ಮೂರು ಪಾತ್ರೆಗಳನ್ನೂ ನೆನೆಹಾಕಿದೆ;
ಮೂಲೆಯಲ್ಲಿ ಸೀದು ಕಚ್ಚಿಕೊಂಡದ್ದು
ಬೆಳಗಿನ ತನಕ ಬಿಡುವಂಥದ್ದಲ್ಲ.
ಬಾಟಲಿ ತೆಗೆದುಕೊಂಡು ಮತ್ತೆ ಸ್ಟೂಲು ಹತ್ತಿದೆ.
ಹಳೆಯ ಉಂಗುರದ ಮೇಲೇ ಇಡೋಣವೆಂದು
ಕತ್ತಲಲ್ಲಿ ತಡವಿ ತಡವಿ ಇಟ್ಟೆ.
ಸರಿಯಾಗಿ ಕೂರಲಿಲ್ಲ.
ತುಸು ಪಕ್ಕಕ್ಕೆ ಕೂತಿತು.