ನೇರಳೆ ನಾಲಿಗೆ

ಬ್ಯಾಲರಟ್‌ನಲ್ಲಿ ಏಪ್ರಿಲ್ ಎಂದರೆ ಚಳಿಯ ಮೊದಲ ಕಂತು.
ಮಾರ್ನಿ ಬರುತ್ತಾಳೆ, ಸ್ಕೂಲ್ ಸ್ವೆಟರಿನ ತೋಳಿಗೆ ಮೂಗೊರೆಸುತ್ತ,
ಜಾಮ್ ಬಾಟಲಿಯಲ್ಲಿ ಹಲ್ಲಿಯ ಹಿಕ್ಕೆ.
"ಇವತ್ತು ಬೆಳಿಗ್ಗೆಯದು," ಅನ್ನುತ್ತಾಳೆ,
ಹಬ್ಬದಡಿಗೆ ತಂದವಳ ಹಾಗೆ.

ಹಲ್ಲಿಯೆಂದರೆ ನಮ್ಮ ಗೋಡೆಯ ಲೊಚಗುಟ್ಟುವ ಹಲ್ಲಿಯಲ್ಲ;
ಮೊಳದುದ್ದ, ಗಿಡ್ಡ ಕಾಲು, ಲಟ್ಟಣಿಗೆಯಂಥ ಮೈ,
ಬಾಯಿ ತೆರೆದರೆ
ನೇರಳೆ ಹಣ್ಣು ಕದ್ದು ಸಿಕ್ಕಿಬಿದ್ದ ಹುಡುಗನ ನಾಲಿಗೆ.
ಹೆಸರು ಡೆಸ್ಮಂಡ್.

ನನ್ನ ಕೆಲಸ ಎಣಿಸುವುದು.
ಉಪ್ಪುನೀರಲ್ಲಿ ಕದಡಿ, ಗಾಜಿಗೆ ಹತ್ತಿಸಿ,
ಒಂದು ಕಣ್ಣು ಮುಚ್ಚಿ ಕೂತರೆ
ತೇಲಿ ಬರುತ್ತವೆ ಮೊಟ್ಟೆಗಳು,
ಸಣ್ಣಕ್ಕಿಯ ಕಾಳಿನಂತೆ ನಯವಾಗಿ,
ಯಾರಿಗೂ ಕೇಡು ಬಗೆಯದ ಮುಖದಲ್ಲಿ.
ಫೆಬ್ರವರಿಯಲ್ಲಿ ಹನ್ನೊಂದು.
ಮಾರ್ಚಿನಲ್ಲಿ ಹದಿನಾಲ್ಕು.
"ಇರಲಿ ಬಿಡು," ಅಂದಿದ್ದರು ಡಾಕ್ಟರ್ ಪ್ರೌಸ್,
"ಒಂದೂ ಹುಳುವಿಲ್ಲದ ಹಲ್ಲಿ ನನಗೆ ಸಿಕ್ಕಿದ್ದು ಕಡಿಮೆ."
ಇಲಿ ಬಂತೆಂದು ಮನೆಗೆ ಬೆಂಕಿಯಿಡುವುದುಂಟೆ?
ಮಾರ್ನಿಗೆ ಸಿಟ್ಟು.
ಒಳಗೆ ಹುಳುವಿದೆ ಅಂತ ಗೊತ್ತಿದ್ದೂ
ರಾತ್ರಿ ನಿದ್ದೆ ಹೇಗೆ ಬರಬೇಕು?

ನಾನು ಏನೂ ಹೇಳಲಿಲ್ಲ.
ನಮ್ಮಮ್ಮ ಎಣಿಸಿದವಳೇ ಅಲ್ಲ.
ದಾವಣಗೆರೆಯ ಬಾಡಿಗೆ ಮನೆ, ಬೇಸಿಗೆ ರಜೆಯ ಮೊದಲ ಭಾನುವಾರ,
ಐದೂ ಮಕ್ಕಳು ಸಾಲಾಗಿ, ಮೂಗು ಹಿಡಿದು, ಹರಳೆಣ್ಣೆ.
ಹೊಟ್ಟೆಯಲ್ಲಿ ಹುಳುವಿತ್ತೋ ಇಲ್ಲವೋ
ಒಂದೇ ಪಾಯಖಾನೆಗೆ ಐದು ಜನರ ಓಟ.
ಆಮೇಲೆ ತಿಳಿಸಾರು ಅನ್ನ,
ಏನೋ ಗೆದ್ದು ಬಂದವರಂತೆ ಉಣ್ಣುತ್ತಿದ್ದೆವು.
ಕೊನೆಯವನು ಗುರುಪಾದ ಒಂದು ವರ್ಷ
ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ.
ಅದನ್ನು ಮನೆಯಲ್ಲಿ ಯಾರೂ ನೆನೆಯುವುದಿಲ್ಲ.

ಇವತ್ತು ನೂರು ದಾಟಿದ ಮೇಲೆ ಎಣಿಸುವುದು ನಿಲ್ಲಿಸಿದೆ.
ತಕ್ಕಡಿಯೂ ಅದನ್ನೇ ಹೇಳಿತು:
ನಾನೂರ ಎಂಬತ್ತು ಗ್ರಾಂ ಇದ್ದವನು ನಾನೂರ ಹತ್ತು.
ಬಾಲದ ಬುಡ, ಒಣಗಿದ ನುಗ್ಗೆಕಾಯಿ.
ಮಾರ್ನಿಯ ನೋಟ್‌ಬುಕ್ಕಿನಲ್ಲಿ
ಬಸವನಹುಳು ಮುಟ್ಟದ ದಿನಗಳಿಗೆ ಕೆಂಪು ಚುಕ್ಕೆ,
ಕಳೆದ ವಾರವಿಡೀ ದಡಾರ ಎದ್ದ ಹಾಗೆ.
ಮೇ ಮುಗಿಯುವುದರೊಳಗೆ ಅವನಿಗೆ ಚಳಿನಿದ್ದೆ;
ಮೈ ತಣ್ಣಗಾದ ಮೇಲೆ ಮದ್ದೂ ಮಲಗಿಬಿಡುತ್ತದೆ.

ಡಾಕ್ಟರ್ ತೂಕ ನೋಡಿ, ಮತ್ತೊಮ್ಮೆ ನೋಡಿ,
ಸಿರಿಂಜಿಗೆ ಹನಿ ಎಳೆಯುವಾಗ
ಹಿಂದೆ ಸರಿದವಳು ಮಾರ್ನಿಯೇ.
"ನೋವಾಗುತ್ತಾ? ಇನ್ನೊಂದು ವಾರ ನೋಡೋಣವಾ?"
ಎರಡು ತಿಂಗಳು ಮದ್ದು ಬೇಡಿದ ಬಾಯಿ.

ನಾನು ಡೆಸ್ಮಂಡನ ತಲೆ ಹಿಡಿದೆ, ಎರಡು ಬೆರಳಲ್ಲಿ.
ಅಮ್ಮ ಹಿಡಿಯುತ್ತಿದ್ದಳಲ್ಲ, ಥೇಟ್ ಹಾಗೆ.
ನೇರಳೆ ನಾಲಿಗೆ ಹೊರಬಂತು,
ಮದ್ದು ಒಳಗೆ ಹೋಯಿತು,
ಒಂದು ಹನಿ ನನ್ನ ಗಡಿಯಾರದ ಗಾಜಿಗೆ.

ಇನ್ನೆರಡು ವಾರಕ್ಕೆ
ಮತ್ತೆ ಜಾಮ್ ಬಾಟಲಿ.